ಹಿತ್ತಿಲಿನ ಊಟ, ಮನೆಮಂದಿಯ ಕೂಟ



ಕೆಲವು ವರ್ಷಗಳ ಹಿಂದಿನ ಮಾತು. ಆಟಿ ತಿಂಗಳ ಜಡಿಮಳೆಯಲ್ಲಿ ವಾಳೆಯ ಗುರಿಕಾರರ ಜತೆ ನಾವು ಮನೆಭೇಟಿಗೆ ಹೊರಟಿದ್ದೆವು. ಕಾಸರಗೋಡಿನ ಒಳನಾಡಿನಲ್ಲಿ, ಅಡಿಕೆ ತೋಟದ ನಡುವಿನ ಒಂದು ಮನೆ. ಗಲ್ಫಿನಿಂದ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ರಜೆಗೆ ಬಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ಊಟಕ್ಕೆ ಕರೆದರು. ಮೇಜಿನ ಮೇಲೆ ಪೇಟೆಯಿಂದ ತರಿಸಿದ ಪರೋಟ, ಹುರಿದ ಕೋಳಿ. ಎಲ್ಲರೂ ಕುಳಿತರು, ಅಜ್ಜಿ ಮಾತ್ರ ಕಾಣಿಸಲಿಲ್ಲ. ಕೈ ತೊಳೆಯಲೆಂದು ಹಿಂದೆ ಹೋದಾಗ, ಅವರು ಅಡುಗೆಮನೆಯಲ್ಲಿ ಒಬ್ಬರೇ ಮಣೆಯ ಮೇಲೆ ಕುಳಿತು ಕುಚ್ಚಲಕ್ಕಿ ಗಂಜಿ, ಉಪ್ಪುಸೊಳೆ ಪಲ್ಯ ಉಣ್ಣುತ್ತಿದ್ದರು.

"ಇದೆಲ್ಲ ನಿಮಗೆ ಯಾಕೆ ಫಾದರ್? ನೀವು ಅಲ್ಲಿ ಕೂತುಕೊಳ್ಳಿ. ಮಕ್ಕಳಿಗೆ ಇದರ ವಾಸನೆ ಆಗುವುದಿಲ್ಲ" ಎಂದರು.

ನಾವು ಮರುಮಾತಾಡದೆ ಮೇಜಿಗೆ ಮರಳಿದೆವು. ಪರೋಟ ತಿಂದು ಬಂದೆವು.

ಮುಂದಿನ ತಪಸ್ಸುಕಾಲದಲ್ಲಿ ಆ ಅಜ್ಜಿ ದೇವರ ಪಾದ ಸೇರಿದರು. ಸೊಸೆ ಮಕ್ಕಳೊಂದಿಗೆ ಊರಲ್ಲೇ ನಿಂತರು. ಮಳೆ ಹಿಡಿದ ಮೇಲೆ ನಾವು ಆ ಮನೆಗೆ ಹೋದಾಗ ಅವರು ಅಡುಗೆಮನೆಯ ಮೂಲೆಯ ಭರಣಿ ತೋರಿಸಿದರು. "ಅತ್ತೆ ಪ್ರತಿ ವರ್ಷ ಇದನ್ನು ತುಂಬಿಸುತ್ತಿದ್ದರು ಫಾದರ್. ಈ ಸಲ ನಾನೂ ಸೊಳೆ ಹಾಕಿದೆ. ಎಲ್ಲ ಕೊಳೆತುಹೋಯಿತು. ಉಪ್ಪು ಎಷ್ಟು ಅಂತ ಅವರಲ್ಲಿ ಒಂದು ದಿನವೂ ಕೇಳಲಿಲ್ಲ" ಎಂದು ಕಣ್ಣೊರೆಸಿಕೊಂಡರು.

ಆ ಮಾತು ನಮ್ಮನ್ನೂ ಚುಚ್ಚಿತು. ಗುರುನಿವಾಸದ ಹಿಂದೆ ದೊಡ್ಡದೊಂದು ಹಲಸಿನ ಮರವಿದೆ. ಹಣ್ಣು ಬಿದ್ದು ಕೊಳೆತು ನೊಣ ಮುತ್ತುತ್ತಿದ್ದಾಗ, ನಾವು ಅತಿಥಿಗಳಿಗೆಂದು ಪೇಟೆಯಿಂದ ಸೇಬು ತರಿಸುತ್ತಿದ್ದೆವು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಮ್ಮ ಊಟದ ಮೇಜಿನಲ್ಲಿ ಅದಕ್ಕೆ ಜಾಗ ಸಿಕ್ಕಿತೇ?

ನಮ್ಮ ಹಿರಿಯರು ತಿಂಗಳು ನೋಡಿ ಅಡುಗೆ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಬಲಿತ, ಇನ್ನೂ ಹಣ್ಣಾಗದ ಹಲಸಿನ ಸೊಳೆಯನ್ನು ಉಪ್ಪು ಬೆರೆಸಿ ಭರಣಿಗೆ ತುಂಬಿ, ಮೇಲೆ ಭಾರ ಇಡುತ್ತಿದ್ದರು. ಹಲಸಿನ ಬೀಜ, ಒಣಮೀನು, ಹಪ್ಪಳ ಎಲ್ಲವನ್ನೂ ಮಳೆಗಾಲಕ್ಕೆಂದು ತೆಗೆದಿಡುತ್ತಿದ್ದರು. ಕಡಲು ಕೆರಳುವ ಕಾಲದಲ್ಲಿ ಮೀನಿನ ಆಸೆ ಬಿಡುತ್ತಿದ್ದರು. ಅದು ಮೀನು ಮರಿಯಿಡುವ ಕಾಲವೂ ಹೌದು. ಈಗ ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗೆ 52 ದಿನ ಟ್ರಾಲಿಂಗ್ ನಿಷೇಧವಿದೆ. ಸರಕಾರ ಕಾನೂನಿನಿಂದ ಹೇಳುವ ಮಾತನ್ನು ಅಜ್ಜಿಯ ಭರಣಿ ಮೊದಲೇ ಹೇಳಿತ್ತು.

ಆ ಅಡುಗೆಯಲ್ಲಿ ಅರಿವೂ ಇತ್ತು. ಕೆಸುವಿನ ಎಲೆ, ದಂಟಿನಲ್ಲಿ ಆಕ್ಸಲೇಟಿನ ಸೂಕ್ಷ್ಮ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ಆದ್ದರಿಂದ ಪತ್ರೊಡೆಗೆ ಹುಣಿಸೆ, ದಂಟಿನ ಪದಾರ್ಥಕ್ಕೆ ಅಂಬಟೆ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಎಳೆ ಬಿದಿರಿನ ಕಣಿಲೆಯಲ್ಲಿ ವಿಷದ ಅಂಶವಿದೆ. ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿಟ್ಟು, ಬೇಯಿಸಿದ ಮೇಲೆಯೇ ಅದು ಊಟಕ್ಕೆ ಯೋಗ್ಯ. ಇದನ್ನೆಲ್ಲ ಅವರು ಶಾಲೆಯಲ್ಲಿ ಕಲಿತದ್ದಲ್ಲ, ಒಲೆಯ ಬುಡದಲ್ಲಿ ಅಮ್ಮನ ಪಕ್ಕ ಕುಳಿತು ಕಲಿತದ್ದು. ಪಕ್ಕ ಕೂರುವವರಿಲ್ಲದಿದ್ದರೆ ಆ ಕಲಿಕೆ ಒಂದೇ ತಲೆಮಾರಿನಲ್ಲಿ ನಿಂತುಹೋಗುತ್ತದೆ.

ನಮಗಂತೂ ಇದನ್ನು ನೆನಪಿಸಲು ಒಂದು ಹಬ್ಬವೇ ಇದೆ. ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನ್ಮದಿನ, ನಮ್ಮ ಮೊಂತಿ ಹಬ್ಬ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಇಲ್ಲಿಯ ಮತ್ತು ಮಂಗಳೂರಿನ ಅಡುಗೆಮನೆಗಳ ನಡುವೆ ಗಡಿ ಬೀಳಲಿಲ್ಲ. ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಹೊಸ ಭತ್ತ ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಲೆಯ ಮೇಲೆ ಮೂರು, ಐದು, ಏಳು ಹೀಗೆ ಬೆಸ ಲೆಕ್ಕದಲ್ಲಿ ತರಕಾರಿ ಪದಾರ್ಥಗಳು: ಹೀರೆ, ಬೆಂಡೆ, ಅಲಸಂಡೆ, ಹಾಗಲ, ಮುಳ್ಳುಸೌತೆ, ಹರಿವೆ, ಕೆಸು. ಎಲ್ಲವೂ ಮಳೆಗಾಲದ ಹಿತ್ತಿಲಿನ ಬೆಳೆ. ಆ ದಿನ ಯಾರೂ ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಉಣ್ಣುವುದಿಲ್ಲ. ವರ್ಷಕ್ಕೊಮ್ಮೆ ಸಾಧ್ಯವಾಗುವುದು ವಾರಕ್ಕೊಮ್ಮೆ ಏಕೆ ಆಗದು?

ಪೇಟೆಯ ತಿಂಡಿ ಪಾಪವೆಂದು ನಾವು ಹೇಳುತ್ತಿಲ್ಲ. ದುಡಿಯುವ ತಾಯಂದಿರ ಕಷ್ಟ ನಮಗೂ ಗೊತ್ತು. ಆದ್ದರಿಂದ ಮೂರು ಸಣ್ಣ ಸಲಹೆಗಳು. ಒಂದು, ಭಾನುವಾರದ ಬಲಿಪೂಜೆಯ ನಂತರ ಒಂದು ಊಟವಾದರೂ ಆ ತಿಂಗಳ ಬೆಳೆಯಿಂದ ಆಗಲಿ. ತೆಂಗು ತುರಿಯುವುದು, ಸೊಪ್ಪು ಹೆಚ್ಚುವುದು ತಂದೆ, ಮಕ್ಕಳ ಪಾಲಿಗೂ ಬರಲಿ. ಎರಡು, ಮನೆಯ ಹಿರಿಯರ ಬಳಿ ಪುಸ್ತಕ ಹಿಡಿದು ಕುಳಿತು ಅವರ ಅಡುಗೆಯನ್ನು ಅಳತೆ ಸಹಿತ ಬರೆದುಕೊಳ್ಳಿ. ಕಾಡುಸೊಪ್ಪು, ಅಣಬೆಗಳನ್ನಂತೂ ಬಲ್ಲವರು ತೋರಿಸದೆ ಕೀಳಬೇಡಿ. ಮೂರು, ಉಂಡು ಹೆಚ್ಚಾದದ್ದನ್ನು ನೆರೆಮನೆಗೆ ಕೊಡಿ. ಊಟದ ಮೊದಲು ಮತ್ತು ನಂತರ ದೇವರಿಗೆ ವಂದಿಸುವ ಅಭ್ಯಾಸಕ್ಕೆ ಮರಳಿರೆಂದು ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸೀ' ಪತ್ರದಲ್ಲಿ ಕೇಳಿಕೊಂಡಿದ್ದರು. ಬೆಳೆದ ಕೈ, ಬೇಯಿಸಿದ ಕೈ ಕಣ್ಣೆದುರಿಗೇ ಇದ್ದಾಗ ಆ ವಂದನೆ ಬಾಯಿಪಾಠವಾಗುವುದಿಲ್ಲ.

ಆ ಮನೆಯ ಭರಣಿ ಏನಾಯಿತು ಎಂದು ನೀವು ಕೇಳಬಹುದು. ಮರುವರ್ಷ ಆಚೆಮನೆಯ ಹವ್ಯಕ ಅಮ್ಮ ಬಂದು ಸೊಸೆಯ ಜತೆ ಕುಳಿತು ಉಪ್ಪಿನ ಅಳತೆ ತೋರಿಸಿಕೊಟ್ಟರು. ಆಟಿಯಲ್ಲಿ ನಮಗೂ ಕರೆ ಬಂತು. ಮೊಮ್ಮಗನಿಗೆ ಈಗಲೂ ಉಪ್ಪುಸೊಳೆಯ ವಾಸನೆ ಆಗುವುದಿಲ್ಲವಂತೆ. ಮೊಮ್ಮಗಳು ಮಾತ್ರ ಕೈಗೆ ಎಣ್ಣೆ ಹಚ್ಚಿಕೊಂಡು ಅಮ್ಮನ ಜತೆ ಸೊಳೆ ಬಿಡಿಸಲು ಕೂರುತ್ತಾಳೆ. ಅಜ್ಜಿಯ ಮಣೆ ಈಗ ಅವಳದು. ಆ ದಿನ ನಾವು ಮೇಜಿಗೆ ಹೋಗಲಿಲ್ಲ. ಅಡುಗೆಮನೆಯಲ್ಲೇ ಎಲ್ಲರೊಂದಿಗೆ ಕುಳಿತು ಗಂಜಿ ಉಂಡೆವು.

ನಿಮ್ಮ ಮನೆಯಲ್ಲಿಯೂ ಅಂಥ ಭರಣಿಯೊಂದಿದ್ದರೆ, ಅಳತೆಯನ್ನು ಇಂದೇ ಕೇಳಿಕೊಳ್ಳಿ. ದೇವರು ನಿಮ್ಮ ಒಲೆಯನ್ನೂ ಹಿತ್ತಿಲನ್ನೂ ಹರಸಲಿ.