ತುತ್ತು ಬಾಯಿಗೆ ಸೇರುವ ದಾರಿ

ವರುಷ ತುಂಬಿದ ಕೂಸಿನ ಮುಂದೆ ತಟ್ಟೆಯಲ್ಲಿ ನಾಲ್ಕು ಅಗುಳು ಅನ್ನವನ್ನಿಟ್ಟು ನೋಡಿರಿ. ಕೈಯು ಅನ್ನದ ಆಚೆಗೊಮ್ಮೆ ಈಚೆಗೊಮ್ಮೆ ಬೀಳುತ್ತದೆ. ಹಿಡಿದ ಅಗುಳು ಬಾಯಿಯನ್ನು ತಪ್ಪಿ ಕೆನ್ನೆಗೋ ಮೂಗಿಗೋ ಮೆತ್ತಿಕೊಳ್ಳುತ್ತದೆ. ಮನೆಯವರೆಲ್ಲರೂ ಕಂಡು ನಗುತ್ತಾರೆ. ಕೆಲವು ತಿಂಗಳುಗಳು ಕಳೆದ ಮೇಲೆ ಅದೇ ಕೂಸು, ಕಣ್ಣು ಬೇರೆಡೆಗಿದ್ದರೂ, ತುತ್ತನ್ನು ನೇರವಾಗಿ ಬಾಯಿಗಿಡುತ್ತದೆ. ಆಗ ಅದನ್ನು ಯಾರೂ ಗಮನಿಸುವುದಿಲ್ಲ. ಈ ಎರಡು ದಿನಗಳ ನಡುವೆ ಆ ಪುಟ್ಟ ತಲೆಯೊಳಗೆ ನಡೆದುಹೋದ ಕಾರ್ಯವು ಸಾಮಾನ್ಯವಾದುದಲ್ಲ. ಅದರ ಕುರಿತು, ಮತ್ತು ಅದನ್ನು ಬೆಂಗಳೂರಿನಲ್ಲಿಯೇ ಕುಳಿತು ಅರಸಿದ ವಿಜ್ಞಾನಿಯೊಬ್ಬರ ಕುರಿತು ಈ ತಿಂಗಳು ನಾಲ್ಕು ಮಾತು.

ನಮ್ಮ ಮೆದುಳಿನ ಹಿಂಬದಿಯಲ್ಲಿ, ಕತ್ತಿನ ಮೇಲ್ಗಡೆಗೆ, ಮುಷ್ಟಿಯಷ್ಟು ಗಾತ್ರದ ಒಂದು ಭಾಗವಿದೆ. ಅದಕ್ಕೆ ಕಿರುಮೆದುಳು ಎಂದು ಹೆಸರು. ತೂಕದಲ್ಲಿ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ 2009ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಎಣಿಕೆ ಮಾಡಿದಾಗ, ಮಾನವನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಕೋಶಗಳು ಈ ಕಿರಿಯನಲ್ಲಿಯೇ ನೆಲೆಸಿರುವುದು ಕಂಡುಬಂದಿತು! ಕೈಯನ್ನೆತ್ತು ಎಂಬ ಆಜ್ಞೆಯನ್ನು ಹಿರಿಮೆದುಳು ಕೊಡುತ್ತದೆ. ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹದವನ್ನು ಕಿರುಮೆದುಳು ಕಾಯುತ್ತದೆ. ನಮ್ಮ ತಾಯಂದಿರು ಮಾತನಾಡುತ್ತಲೇ ರೊಟ್ಟಿ ಬಡಿಯುವಾಗ ಅಂಗೈಯ ಪೆಟ್ಟು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಬೀಳುವುದು ಇದರ ಕೃಪೆಯಿಂದಲೇ. ಮದ್ಯ ಕುಡಿದವನ ಹೆಜ್ಜೆ ತಡವರಿಸುವುದಕ್ಕೆ, ನಾಲಗೆ ತೊದಲುವುದಕ್ಕೆ ಮುಖ್ಯ ಕಾರಣವೂ ಈ ಕಿರುಮೆದುಳು ಮಂಕಾಗುವುದೇ ಆಗಿದೆ.

ಇದರ ರಚನೆಯು ಬಹು ಸೊಗಸಾದುದು. ಇಂದಿನ ಚೆಕ್ ದೇಶದಲ್ಲಿ ಜನಿಸಿದ ಪರ್ಕಿಂಜೆ ಎಂಬ ವಿಜ್ಞಾನಿಯು 1837ರಲ್ಲಿ ಇಲ್ಲಿಯ ದೊಡ್ಡ ಕೋಶಗಳನ್ನು ವರ್ಣಿಸಿದನು. ಅವುಗಳಿಗೆ ಆತನ ಹೆಸರೇ ಉಳಿಯಿತು. ಪರ್ಕಿಂಜೆ ಕೋಶವು ನೂರಾರು ಕವಲುಗಳ ಒಂದು ಮರ. ಆದರೆ ಬೇಲಿಗೆ ಹಬ್ಬಿಸಿದ ಬಳ್ಳಿಯಂತೆ ಚಪ್ಪಟೆಯಾಗಿ ಹರಡಿದ ಮರ. ಅದರ ಕವಲುಗಳಿಗೆ ಅತಿ ಸಣ್ಣ ಕಣಕೋಶಗಳಿಂದ ಬರುವ ಲಕ್ಷಕ್ಕೂ ಮಿಕ್ಕಿದ ಎಳೆಗಳು ಸುದ್ದಿಯನ್ನು ತಂದು ಮುಟ್ಟಿಸುತ್ತವೆ. ಸ್ಪೇನ್ ದೇಶದ ಕಾಹಾಲ್ ಎಂಬ ಮಹನೀಯನು 1888ರಿಂದ ಈ ಜಾಲವನ್ನು ಎಳೆ ಎಳೆಯಾಗಿ ಚಿತ್ರಿಸಿ 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಜಪಾನಿನ ಮಸಾವೊ ಇಟೊ ಎಂಬುವರು 1964ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ತೋರಿಸಿಕೊಟ್ಟರು. ಈ ಮರವು ಹೊರಗೆ ಕಳುಹಿಸುವ ಸಂದೇಶವು ಪ್ರಚೋದನೆಯದಲ್ಲ, ತಡೆಯದು! ಅಂದರೆ ಹದವಾದ ಚಲನೆಯೆಂಬುದು ಸಕಾಲಕ್ಕೆ ದೊರೆಯುವ ತಡೆಯಿಂದ ರೂಪುಗೊಳ್ಳುವಂಥದು.

ಬೆಳೆದ ಮರದ ಕಥೆ ಇದಾಯಿತು. ಆದರೆ ಸಸಿಯು ಮರವಾಗುವುದು ಹೇಗೆ? ಆರಂಭದಲ್ಲಿ ಪರ್ಕಿಂಜೆ ಕೋಶಕ್ಕೆ ಇಷ್ಟು ಕವಲುಗಳೂ ಇರುವುದಿಲ್ಲ, ಇಷ್ಟು ನಂಟರೂ ಇರುವುದಿಲ್ಲ. ಕವಲು ಎಲ್ಲಿ ಚಾಚಬೇಕು, ಯಾವ ಎಳೆಯೊಡನೆ ಕೂಡಬೇಕು ಎಂಬುದನ್ನು ಅದು ಅರಿಯುವ ಬಗೆ ಯಾವುದು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಡಾ. ವತ್ಸಲಾ ತಿರುಮಲೈ ಅವರು ತಮ್ಮ ವಿದ್ಯಾರ್ಥಿಗಳೊಡನೆ ಕೈಗೆತ್ತಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ಇವರಿಗೆ 2020ರ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯು ದೊರೆಯಿತು.

ಅವರು ಆರಿಸಿಕೊಂಡ ಜೀವಿಯು ಜೀಬ್ರಾ ಮೀನು. ಮೈಮೇಲೆ ಪಟ್ಟೆಗಳುಳ್ಳ ಈ ಕಿರುಬೆರಳುದ್ದದ ಮೀನು ನಮ್ಮ ದೇಶದ ತೊರೆಗಳದೇ; ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬುವನು ಗಂಗಾ ತೀರದ ಮೀನುಗಳನ್ನು ಕುರಿತ 1822ರ ತನ್ನ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದನು. ಇದರ ಮರಿಯು ಗಾಜಿನಂತೆ ಪಾರದರ್ಶಕ. ಮೊಟ್ಟೆಯೊಡೆದ ಕೆಲವೇ ದಿನಗಳಲ್ಲಿ ಈಜಿ ಬೇಟೆಯಾಡುತ್ತದೆ. ಆ ಹೊತ್ತಿಗೆ ಅದರ ಕಿರುಮೆದುಳೂ ಕೆಲಸ ಮಾಡತೊಡಗಿರುತ್ತದೆ. ಹೀಗಾಗಿ, ಮರಿಯು ಬದುಕಿರುವಂತೆಯೇ ಅದರ ನರಕೋಶವು ಕವಲೊಡೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬಹುದು.

ನರಕೋಶಗಳ ನಡುವೆ ಎರಡು ಬಗೆಯ ಸಂಧಿಗಳುಂಟು. ಒಂದರಲ್ಲಿ ಸುದ್ದಿಯು ರಾಸಾಯನಿಕದ ಮೂಲಕ ದಾಟುತ್ತದೆ. ಇನ್ನೊಂದು ಬಗೆಯಲ್ಲಿ ಎರಡು ಕೋಶಗಳ ಗೋಡೆಗಳು ತಾಗಿಕೊಂಡು ನಡುವೆ ಸಣ್ಣ ಕಿಂಡಿಗಳಿರುತ್ತವೆ. ಹಿಂದೆ ಹಳ್ಳಿಗಳಲ್ಲಿ ಒಂದೇ ಗೋಡೆಯ ಎರಡು ಮನೆಗಳ ನಡುವೆ ಕಿಂಡಿಯಿದ್ದು, ಮಜ್ಜಿಗೆಯೂ ಮಾತೂ ಅದರಲ್ಲಿಯೇ ಸಾಗುತ್ತಿದ್ದುದನ್ನು ಹಿರಿಯರು ಬಲ್ಲರು. ಅಂತೆಯೇ ಈ ಕಿಂಡಿಗಳಲ್ಲಿ ವಿದ್ಯುತ್ ಸಂಕೇತವೂ ಸಣ್ಣ ಅಣುಗಳೂ ಹಾಯುತ್ತವೆ. ಬೆಳೆಯುವ ಮೆದುಳಿನಲ್ಲಿ ಕಿಂಡಿಗಳು ಮೊದಲು ಕಾಣಿಸಿಕೊಳ್ಳುತ್ತವೆ. ರಾಸಾಯನಿಕ ಸಂಧಿಗಳು ಬಹಳ ತಡವಾಗಿ ಬರುತ್ತವೆ. ಮೊದಲಿನವು ನಂತರದವುಗಳಿಗೆ ನೆಲವನ್ನು ಹದಮಾಡುತ್ತವೆಯೇ ಎಂಬ ಸಂಶಯವು ವಿಜ್ಞಾನಿಗಳಲ್ಲಿ ಮೊದಲಿನಿಂದಲೂ ಇದ್ದಿತು.

2021ರಲ್ಲಿ ತಿರುಮಲೈ ಅವರ ತಂಡವು ಪ್ರಕಟಿಸಿದ ಸಂಶೋಧನೆಯು ಇದಕ್ಕೆ ಬಲವಾದ ಸಾಕ್ಷ್ಯವನ್ನು ಒದಗಿಸಿತು. ಕಿಂಡಿಯನ್ನು ಕಟ್ಟುವ ಒಂದು ಪ್ರೋಟೀನು ಇಲ್ಲದಂತೆ ಮಾಡಿದ ಮೀನಿನ ಮರಿಗಳಲ್ಲಿ ಪರ್ಕಿಂಜೆ ಕೋಶಗಳ ಕವಲುಗಳು ಕುಂಠಿತವಾದವು. ಅಲ್ಲಿಯ ರಾಸಾಯನಿಕ ಸಂಧಿಗಳೂ ವಿರಳವಾದವು. ಆ ಪ್ರೋಟೀನು ಇರುವೆಡೆಯಲ್ಲಿಯೋ, ಕವಲುಗಳು ಉದ್ದವಾಗಿ ಚಾಚುತ್ತಿದ್ದವು. ನೆರೆಯವರೊಡನೆ ಮೊದಲ ದಿನಗಳಲ್ಲಿ ನಡೆದ ಈ ಸಣ್ಣ ಕೊಡುಕೊಳ್ಳುವಿಕೆಯೇ ಮುಂದಿನ ದೊಡ್ಡ ನಂಟಿಗೆ ಆಧಾರವಾಯಿತೆಂದು ಇದರ ಅರ್ಥ.

ಇಂತು ಬೆಳೆದ ಜಾಲವು ಮಾಡುವ ಕೆಲಸವೇನು? ಇದೇ ಪ್ರಯೋಗಾಲಯದಿಂದ 2024ರಲ್ಲಿ ಹೊರಬಂದ ಇನ್ನೊಂದು ಸಂಶೋಧನೆಯು ಅದನ್ನು ಹೇಳುತ್ತದೆ. ಮೀನಿನ ಮರಿಗೆ ಒಂದೇ ಬಗೆಯ ದೃಶ್ಯವನ್ನು ಮರಳಿ ಮರಳಿ ತೋರಿಸಿದಾಗ, ಅದು ಬರಲಿರುವುದನ್ನು ಮುಂಚಿತವಾಗಿ ನಿರೀಕ್ಷಿಸಿ ಬೇಗನೆ ಈಜತೊಡಗಿತು. ಆ ಮುನ್ನರಿವಿನಲ್ಲಿ ಕಿರುಮೆದುಳಿನ ಪಾಲಿರುವುದು ಕಂಡುಬಂದಿತು. ಪುನರಾವರ್ತನೆಯಿಂದ ನಿರೀಕ್ಷೆ, ನಿರೀಕ್ಷೆಯಿಂದ ಸಿದ್ಧತೆ. ರೊಟ್ಟಿ ಬಡಿಯುವ ಕೈಯ ಗುಟ್ಟೂ ಇಂಥದೇ ಇರಬೇಕು.

ಮೀನು ಮೀನೇ, ಮಗು ಮಗುವೇ. ಮೀನಿನಲ್ಲಿ ಕಂಡುದನ್ನೆಲ್ಲ ಮಗುವಿಗೆ ಅನ್ವಯಿಸಲಾಗದು. ಆದರೆ ಮಾನವ ಶಿಶುವಿನ ಕಿರುಮೆದುಳಿನ ಬಗೆಗೆ ವೈದ್ಯರು ಬಲ್ಲ ಕೆಲವು ಸಂಗತಿಗಳು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿವೆ. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಇದು ಹಲವು ಪಟ್ಟು ಬೆಳೆಯುತ್ತದೆ. ಹುಟ್ಟಿದ ಮೇಲೂ ಸುಮಾರು ಒಂದು ವರ್ಷದವರೆಗೆ ಹೊಸ ಕಣಕೋಶಗಳು ಸೇರುತ್ತಲೇ ಇರುತ್ತವೆ. ಆದುದರಿಂದ 37 ವಾರಗಳು ತುಂಬುವ ಮೊದಲೇ, ಅದರಲ್ಲಿಯೂ ಬಹು ಬೇಗನೆ, ಜನಿಸಿದ ಶಿಶುಗಳಲ್ಲಿ ಈ ನಿರ್ಮಾಣಕಾರ್ಯಕ್ಕೆ ಅಡಚಣೆಯಾಗಬಹುದು. ಅಂಥ ಮಗುವು ನಡೆಯಲು ತಡಮಾಡಿದರೆ, ಲೋಟ ಹಿಡಿದ ಕೈ ನಡುಗಿದರೆ, ನಮ್ಮಲ್ಲಿ ಮೊದಲು ಏಳುವ ಮಾತು ತಾಯಿಯ ಮೇಲಿನ ಆಕ್ಷೇಪಣೆ. ಎರಡನೆಯದು ಮಗುವಿಗೆ ಮಂಕನೆಂಬ ಬಿರುದು. ಈ ಎರಡೂ ಅನ್ಯಾಯ. ಅವಧಿಗೆ ಮುನ್ನ ಹೆರಿಗೆಯಾದುದು ಸಾಮಾನ್ಯವಾಗಿ ತಾಯಿಯ ತಪ್ಪಲ್ಲ. ಕೈಯ ನಡುಕವು ಬುದ್ಧಿಯ ಅಳತೆಗೋಲೂ ಅಲ್ಲ.

ಮಾಡಬೇಕಾದುದು ಬೇರೆಯೇ ಇದೆ. ಇಂಥ ಮಗುವಿನ ವಯಸ್ಸನ್ನು ಮೊದಲ ಎರಡು ವರ್ಷಗಳ ಕಾಲ ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ವೈದ್ಯರು ಗೊತ್ತುಪಡಿಸಿದ್ದ ದಿನದಿಂದ ಎಣಿಸಬೇಕು. ಹಾಗೆ ಎಣಿಸಿಯೂ 9 ತಿಂಗಳಿಗೆ ಆಧಾರವಿಲ್ಲದೆ ಕುಳಿತುಕೊಳ್ಳದಿದ್ದರೆ, 18 ತಿಂಗಳಿಗೆ ನಡೆಯದಿದ್ದರೆ, ಮುಂದೆ ಸರಿಹೋದೀತೆಂದು ಕಾಯದೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಬೇಗನೆ ಆರಂಭಿಸಿದ ಅಭ್ಯಾಸವು ಬಹುಮಟ್ಟಿಗೆ ಫಲಕೊಡುತ್ತದೆ. ಗರ್ಭಿಣಿಯರಂತೂ ಮದ್ಯದಿಂದ ಪೂರ್ಣವಾಗಿ ದೂರವಿರಬೇಕು. ಅದು ಎಳೆಯ ಪರ್ಕಿಂಜೆ ಕೋಶಗಳನ್ನೇ ಹಾನಿಗೊಳಿಸಬಲ್ಲದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಗಾದೆ ನಮ್ಮಲ್ಲುಂಟು. ಅದನ್ನು ಹೇಳಿ ಎಳೆಯ ಮಗುವಿನ ಭವಿಷ್ಯವನ್ನು ತೀರ್ಮಾನಿಸುವ ಹಿರಿಯರಿಗೆ ಒಂದು ವಿನಂತಿ. ಮೊಳಕೆಯಲ್ಲಿ ಸಿರಿ ಕಾಣದಿದ್ದರೆ ನೀರೆರೆಯುವುದನ್ನು ನಿಲ್ಲಿಸಬೇಡಿರಿ. ಕಿರುಮೆದುಳೆಂಬ ಮರವು ಮೊಳಕೆಯಾದ ಮೇಲೆಯೇ ಹೆಚ್ಚು ಬೆಳೆಯುವಂಥದು. ಕೂಸಿನ ಮುಂದಿನ ತಟ್ಟೆಯನ್ನು ಎಳೆದುಕೊಂಡು, ಚೆಲ್ಲುತ್ತಾನೆಂದು ಗದರಿ, ನೀವೇ ಉಣಿಸಿಬಿಟ್ಟರೆ ನೆಲವೇನೋ ಶುಚಿಯಾಗಿ ಉಳಿದೀತು. ಕೈಯ ಕಲಿಕೆಯು ಅಲ್ಲಿಯೇ ನಿಂತೀತು. ನಾಲ್ಕು ಅಗುಳು ಚೆಲ್ಲಲಿ. ಆ ಚೆಲ್ಲಿದ ಅಗುಳುಗಳಿಂದಲೇ ಕೈಯು ಬಾಯಿಯ ದಾರಿಯನ್ನು ಕಲಿಯುತ್ತದೆ.