ತಿಪ್ಪೆ ಸಾರಿಸಿ ಸ್ವಾಮೀ!

ಕನ್ನಡದಲ್ಲಿ "ತಿಪ್ಪೆ ಸಾರಿಸೋದು" ಅಂದ್ರೆ ಒಳ್ಳೆ ಮಾತಲ್ಲ. ಒಳಗೆ ಹೊಲಸು ಇಟ್ಟುಕೊಂಡು ಮೇಲೆ ಮೇಲೆ ಚಂದ ಮಾಡಿ ತೋರಿಸೋರಿಗೆ ಹೇಳೋ ಮಾತು ಅದು. ರಾಜಕಾರಣಿಗಳಿಗೆ, ಆಫೀಸಿನ ಬಾಸುಗಳಿಗೆ, ಒಮ್ಮೊಮ್ಮೆ ನಮ್ಮಂಥ ಬರೆಯೋ ಚಟದವರಿಗೂ ಚೆನ್ನಾಗಿ ಒಪ್ಪುತ್ತೆ. ಆದರೆ ಇವತ್ತು ನಾನು ಆ ನುಡಿಗಟ್ಟಿನ ವಿರುದ್ಧವೇ ವಾದಕ್ಕೆ ಕೂತಿದೀನಿ. ನಿಜವಾದ ತಿಪ್ಪೆಯನ್ನ ನಿಜವಾಗಿಯೂ ಸಾರಿಸಬೇಕು. ಮಣ್ಣು, ಸೆಗಣಿ ಕಲಸಿ, ಮನೆ ಪಡಸಾಲೆ ಸಾರಿಸಿದ ಹಾಗೆ!

ನಮ್ಮದು ಮಾಗಳ. ಹೂವಿನಹಡಗಲಿ ತಾಲ್ಲೂಕು, ತುಂಗಭದ್ರೆಯ ದಂಡೆ, ಚಾಲುಕ್ಯರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಇರೋ ಊರು. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಬದಲಾಯ್ತು, ತಿಪ್ಪೆ ಬದಲಾಗಲಿಲ್ಲ. ಇಲ್ಲಿಂದ ಕೂಡ್ಲಿಗಿಗೆ ಹೋಗಿ, ಕೊಟ್ಟೂರಿಗೆ ಹೋಗಿ, ಹರಪನಹಳ್ಳಿಗೆ ಹೋಗಿ, ಊರ ಬಾಗಿಲಲ್ಲಿ ನಿಮ್ಮನ್ನ ಸ್ವಾಗತಿಸೋದು ಅದೇ. ರಸ್ತೆ ಪಕ್ಕ ಬೆತ್ತಲೆ ಮಲಗಿರೋ ತಿಪ್ಪೆಗಳ ಸಾಲು.

ಹಾಗಂತ ನಮಗೆ ತಿಪ್ಪೆ ಕಂಡ್ರೆ ಅಸಡ್ಡೆ ಅಂತಲ್ಲ. ದೀಪಾವಳಿಗೆ ತಿಪ್ಪೆ ಮೇಲೂ ಒಂದು ದೀಪ ಇಡೋ ಜನ ನಾವು. ಹುಟ್ಟಿದ ಕೂಸು ಉಳೀದಿದ್ರೆ ಮುಂದಿನ ಕೂಸಿಗೆ ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಟ್ಟು ಬದುಕಿಸಿಕೊಂಡ ಜನ. ಚಿತ್ರದುರ್ಗದ ಕಡೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳೋ ಜನ. ಇಷ್ಟೆಲ್ಲ ಭಕ್ತಿ ಇದ್ದೂ ಆ ತಿಪ್ಪೆಯ ಮೇಲೆ ಒಂದು ಬುಟ್ಟಿ ಮಣ್ಣು ಹಾಕೋಕೆ ಮಾತ್ರ ಕೈ ಬರೋದಿಲ್ಲ ಅಂದ್ರೆ ಏನು ಹೇಳೋದು?

ಈ ಮಾತು ಎತ್ತಿದಾಗ ನಮ್ಮ ದೊಡ್ಡಪ್ಪ ನಕ್ಕುಬಿಟ್ಟರು. "ಏ ತಮ್ಮಾ, ತಿಪ್ಪಿಗೇನು ಚಳಿ ಹತ್ತೈತೇನು, ಕೌದಿ ಹೊಚ್ಚಾಕ?"

"ಚಳಿ ಅಲ್ಲ ದೊಡ್ಡಪ್ಪಾ, ಬಿಸಿಲು ಹತ್ತೈತಿ" ಅಂದೆ.

ಲೆಕ್ಕ ನೋಡಿ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಭಾಗ ಸಾರಜನಕ, 0.2 ಭಾಗ ರಂಜಕ, ಇನ್ನರ್ಧ ಭಾಗ ಪೊಟ್ಯಾಷ್ ಇರುತ್ತೆ ಅಂತ ಕೃಷಿ ಪುಸ್ತಕಗಳು ಹೇಳ್ತವೆ. ಅಂದ್ರೆ ಒಂದು ಟನ್ನಿಗೆ 5 ಕೆ.ಜಿ. ಸಾರಜನಕ. ಮೊದಲೇ ಇಷ್ಟು ಬಡತನ, ಅದರಲ್ಲೂ ಸೋರಿಕೆ. ಬಿಸಿಲು ಗಾಳಿಗೆ ಸಾರಜನಕ ಅಮೋನಿಯಾ ಆಗಿ ಹಾರಿ ಹೋಗುತ್ತೆ. ಮಳೆ ಬಿದ್ರೆ ಪೊಟ್ಯಾಷು, ಉಳಿದ ಸಾರಜನಕ ಕರಗಿ ಕಂದು ನೀರಾಗಿ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ನಮ್ಮೂರಲ್ಲಾದ್ರೆ ಸೀದಾ ಹೊಳೆಗೆ. ನಿಗಾ ಇಲ್ಲದ ತಿಪ್ಪೆಯಲ್ಲಿ ಅರ್ಧದವರೆಗೂ ಸಾರಜನಕ ಹೀಗೆ ಕಳೆದುಹೋಗಬಹುದು. ತಿಪ್ಪೆ ಹತ್ತಿರ ಹೋದಾಗ ಮೂಗಿಗೆ ಘಾಟು ಹೊಡೀತದಲ್ಲ, ಅದು ಬರೀ ನಾತ ಅಲ್ಲ, ನಿಮ್ಮ ಗೊಬ್ಬರವೇ ಹೊರಟು ನಿಂತದ್ದು. ಮೂಗಿಗೆ ಬಂದದ್ದು ಹೊಲಕ್ಕೆ ಹೋಗೋದಿಲ್ಲ.

ಇದರಲ್ಲಿ ನನಗೆ ನಿಜಕ್ಕೂ ಸಿಟ್ಟು ಬರಿಸೋ ಸಂಗತಿ ಬೇರೆ. ದಿನಾ ಬೆಳಗ್ಗೆ ಹೆಂಡಿಕಸ ಬಳಿದು ಬುಟ್ಟಿ ತುಂಬಿ ತಲೆ ಮೇಲೆ ಹೊರೋರು ಯಾರು? ಮನೆ ಹೆಂಗಸರು. ದಿನಕ್ಕೆ ಎರಡೇ ಬುಟ್ಟಿ ಅಂದುಕೊಳ್ಳಿ, ವರ್ಷಕ್ಕೆ 730 ಬುಟ್ಟಿ ಆಯ್ತು. ಸತ್ವ ಅರ್ಧ ಹೋದ್ರೆ ಆ ತಾಯಿ 365 ಬುಟ್ಟಿ ಹೊತ್ತದ್ದು ಗಾಳಿಗೆ! "ತಿಪ್ಪಿ ಮುಚ್ಚಾಕ ಪುರುಸೊತ್ತು ಎಲ್ಲೈತಿ" ಅನ್ನೋ ಗಂಡಸರು ಈ ಲೆಕ್ಕ ಒಂದು ಸಲ ಮಾಡಬೇಕು.

ಈಗ ಎದುರು ವಾದಗಳಿಗೆ ಬರೋಣ.

ಒಂದು: "ಗಾಳಿ ಆಡದಿದ್ರೆ ಗೊಬ್ಬರ ಕೊಳೆಯಲ್ಲ." ಬೆಂಗಳೂರಿನ ತಾರಸಿ ತೋಟದ ಗೆಳೆಯರು ಇದನ್ನ ಬಹಳ ಹೇಳ್ತಾರೆ. ಗಾಳಿಯಲ್ಲಿ ಬೇಗ ಕೊಳೆಯುತ್ತೆ, ನಿಜ. ಆಲ್ಬರ್ಟ್ ಹೋವರ್ಡ್ ಸಾಹೇಬರು 1924ರಿಂದ 1931ರವರೆಗೆ ಇಂದೋರಿನಲ್ಲಿ ಕೂತು ರೂಪಿಸಿದ ಪದ್ಧತಿ ಅದೇ. ಪದರ ಪದರವಾಗಿ ಹಾಕು, ನೀರು ಚಿಮುಕಿಸು, ಮೂರು ಸಲ ಮಗುಚು, ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ. ಆದರೆ ಆ ನೀರು ಎಲ್ಲಿಂದ ತರೋದು? ಬೋರು ಬತ್ತಿದ ಕೂಡ್ಲಿಗಿಯಲ್ಲಿ ದನಕ್ಕೆ ನೀರಿಲ್ಲ, ತಿಪ್ಪೆಗೆ ಚಿಮುಕಿಸ್ತಾರಾ? ಮಗುಚೋಕೆ ಆಳು ಎಲ್ಲಿ?

ಇದಕ್ಕೆ ಉತ್ತರ ನಮ್ಮ ನಾಡಲ್ಲೇ ಇದೆ, ನಮಗೇ ಮರೆತಿದೆ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಒಂದು ಪದ್ಧತಿ ತಂದರು. ಜಗತ್ತಿನ ಪುಸ್ತಕಗಳಲ್ಲೆಲ್ಲ ಅದರ ಹೆಸರು "ಬೆಂಗಳೂರು ಪದ್ಧತಿ". ಸುಮಾರು ಒಂದು ಮೀಟರ್ ಆಳದ ಗುಂಡಿ, ಕಸ ಒಂದು ಪದರ, ಮಲ ಅಥವಾ ಸೆಗಣಿ ಒಂದು ಪದರ, ಗುಂಡಿ ತುಂಬಿದ ಮೇಲೆ ಒಂದೆರಡು ವಾರ ಕುಸಿಯೋಕೆ ಬಿಟ್ಟು ಆಮೇಲೆ ಕೆಸರು ಮಣ್ಣಿನಿಂದ ಮೆತ್ತಿಬಿಡೋದು. ಅಷ್ಟೇ! ಮಗುಚೋದಿಲ್ಲ, ದಿನಾ ನೀರಿಲ್ಲ. ಆರರಿಂದ ಎಂಟು ತಿಂಗಳು ತಗೊಳ್ಳುತ್ತೆ. ನಿಧಾನ, ಒಪ್ಪಿದೆ. ಆದರೆ ನಮ್ಮ ತಿಪ್ಪೆ ಹೇಗೂ ಯುಗಾದಿವರೆಗೆ ಬಿದ್ದೇ ಇರುತ್ತಲ್ಲ, ಅವಸರ ಯಾರಿಗೆ? ಮಹಾರಾಷ್ಟ್ರದ ಪಾಂಢರಿಪಾಂಡೆಯವರ ನಾಡೆಪ್ ತೊಟ್ಟಿಯ ಗೋಡೆಯಲ್ಲಿ ಗಾಳಿಗೆ ಕಿಂಡಿ ಬಿಡ್ತಾರೆ, ಆದರೆ ಅದರ ನೆತ್ತಿಯನ್ನೂ ಸೆಗಣಿ ಮಣ್ಣಿನಿಂದ ಸಾರಿಸಿಯೇ ಮುಗಿಸ್ತಾರೆ. ಗಾಳಿ ಬೇಕು ಅನ್ನೋರೂ ನೆತ್ತಿ ಮುಚ್ಚಿದಾರೆ ಅಂತಾಯ್ತು.

ಮುಚ್ಚಿದ ಗುಂಡಿಯಲ್ಲಿ ಮೀಥೇನ್ ಹುಟ್ಟುತ್ತೆ ಅನ್ನೋ ಆಕ್ಷೇಪವೂ ಇದೆ. ಸರಿಯಾದದ್ದೇ. ನೀರು, ಆಳು ಎರಡೂ ಇದ್ದೋರು ಇಂದೋರಿನ ದಾರಿ ಹಿಡೀಲಿ, ಗೋಬರ್ ಗ್ಯಾಸ್ ಇದ್ದೋರು ಆ ಮೀಥೇನನ್ನ ಒಲೆಗೆ ಉರಿಸಲಿ. ಆದರೆ ಹಂಗೆ ಮಾಡೋರೂ ಮೇಲೊಂದು ನೆರಳು ಹಾಕಲೇಬೇಕು. ಗ್ಯಾಸಿನ ಗುಂಡಿಯಿಂದ ಬಂದ ಬಗ್ಗಡ ಬಿಸಿಲಲ್ಲಿ ಒಣಗಿದ್ರೂ ಸಾರಜನಕ ಹೋಗೋದೇ.

ಎರಡು: "ಮುನ್ನೂರು ರೂಪಾಯಿ ಒಳಗೆ ಯೂರಿಯಾ ಚೀಲ ಸಿಗುತ್ತೆ, ತಿಪ್ಪೆ ಯಾಕೆ ಸಾರಿಸ್ತೀಯ?" ಇದು ಗಟ್ಟಿ ವಾದ. 45 ಕೆ.ಜಿ. ಚೀಲದಲ್ಲಿ ಸುಮಾರು 20 ಕೆ.ಜಿ. ಸಾರಜನಕ, ಅಂದ್ರೆ ನಾಲ್ಕು ಟನ್ ತಿಪ್ಪೆಗೊಬ್ಬರದಷ್ಟು. ಆದರೆ ಸ್ವಾಮೀ, ಆ ನಾಲ್ಕು ಟನ್ ನೀವು ಹೇಗೂ ಹೊರ್ತೀರಲ್ಲ! ಇಲ್ಲಿ ಹೋಲಿಕೆ ತಿಪ್ಪೆಗೂ ಯೂರಿಯಾಕ್ಕೂ ಅಲ್ಲ. ಬೆತ್ತಲೆ ತಿಪ್ಪೆಗೂ ಸಾರಿಸಿದ ತಿಪ್ಪೆಗೂ. ನಡುವಿನ ಖರ್ಚು ನಾಲ್ಕು ಬುಟ್ಟಿ ಮಣ್ಣು, ಒಂದು ಹೊತ್ತಿನ ಕೆಲಸ. ಮೇಲಾಗಿ ನಮ್ಮ ಕೆಮ್ಮಣ್ಣಿನ ಹೊಲಕ್ಕೆ ಮಳೆ ಕೈಕೊಟ್ಟ ಹತ್ತು ದಿನ ಹಸಿ ಹಿಡಿದುಕೊಳ್ಳೋ ಶಕ್ತಿ ಯೂರಿಯಾ ಕೊಡಲ್ಲ, ಕೊಳೆತ ಗೊಬ್ಬರ ಕೊಡುತ್ತೆ. ಇನ್ನು ಯೂರಿಯಾ ಸಿಗೋ ಚಂದವನ್ನ 2025ರ ಜುಲೈ, ಆಗಸ್ಟಿನಲ್ಲಿ ಅಂಗಡಿ ಮುಂದೆ ಸಾಲು ನಿಂತವರನ್ನೇ ಕೇಳಿ.

ಮೂರು: "ನಮ್ಮ ಹಿರಿಯರೇನು ಮುಚ್ಚಿದ್ರಾ?" ಹಿರಿಯರು ಕುರಿ ತರುಬುತ್ತಿದ್ರು. ಕುರುಬರ ಹಿಂಡು ರಾತ್ರಿ ಹೊಲದಲ್ಲೇ ಮಲಗಿ, ಹಿಕ್ಕೆ, ಉಚ್ಚೆ ಎರಡೂ ಬಿದ್ದಲ್ಲೇ ಮಣ್ಣಿಗೆ ಇಳೀತಿತ್ತು. ದನದ ಉಚ್ಚೆಯಲ್ಲೇ ಸಾರಜನಕದ ದೊಡ್ಡ ಪಾಲು ಇರೋದು. ಈಗ ಕೊಟ್ಟಿಗೆಗೆ ಸಿಮೆಂಟು ಹಾಕಿಸಿ ಅದನ್ನ ಚರಂಡಿಗೆ ಬಿಟ್ಟು, ಹಿರಿಯರ ಹೆಸರು ಹೇಳಿದ್ರೆ ಹೇಗೆ? ಸೊಪ್ಪೆ, ಮೆಕ್ಕೆಜೋಳದ ದಂಟು ಸುಡೋ ಬದಲು ದನದ ಕಾಲಡಿ ಹಾಸಿ. ಅದೇ ಉಚ್ಚೆ ಹೀರುತ್ತೆ, ಅದೇ ಮರುದಿನ ತಿಪ್ಪೆಗೆ ಪದರ ಆಗುತ್ತೆ.

ಪ್ಲಾಸ್ಟಿಕ್ ತಾಡಪಾಲು ಹೊದಿಸೋರಿಗೂ ಒಂದು ಮಾತು. ಮಳೆ ನಾಲ್ಕು ದಿನ ಹಿಡಿದಾಗ ಸರಿ. ವರ್ಷಗಟ್ಟಲೆ ಬಿಟ್ರೆ ಬಿಸಿಲಿಗೆ ಚಿಂದಿಯಾಗಿ ಗೊಬ್ಬರದ ಜೊತೆ ಹೊಲ ಸೇರುತ್ತೆ. ಮಣ್ಣು ಮಣ್ಣಿಗೆ ಸೇರಿದ್ರೆ ತೊಂದ್ರೆ ಇಲ್ಲ. ತಾರಸಿಯವರು ಡ್ರಮ್ಮಿಗೆ ಮುಚ್ಚಳ ಹಾಕಿ, ಪಕ್ಕದಲ್ಲಿ ತೂತು ಬಿಡಿ. ಒಳಗಿನ ಹಸಿ ಹಿಂಡಿದ ಬಟ್ಟೆಯಷ್ಟಿರಲಿ. ಮುಚ್ಚಿದ್ರೆ ನೊಣವೂ ಕಡಿಮೆ.

ಇಷ್ಟೆಲ್ಲ ಮಾಡಿ ಕೊನೆಗೆ ಹಳ್ಳ ಹಿಡಿಸೋದು ಎಲ್ಲಿ ಗೊತ್ತಾ? ಬೇಸಿಗೆಯಲ್ಲಿ ಗೊಬ್ಬರ ಹೇರಿ ಹೊಲದ ತುಂಬ ಸಣ್ಣ ಸಣ್ಣ ಗುಪ್ಪೆ ಹಾಕಿ, ಮಳೆ ಬರೋವರೆಗೆ ತಿಂಗಳುಗಟ್ಟಲೆ ಒಣಗಿಸ್ತೀವಲ್ಲ, ಅಲ್ಲಿ! ವರ್ಷವಿಡೀ ಮುಚ್ಚಿಟ್ಟದ್ದನ್ನ ವೈಶಾಖದ ಬಿಸಿಲಿಗೆ ಹರವಿದ ಹಾಗೆ. ಬಿತ್ತನೆ ಹತ್ತಿರ ಬಂದಾಗ ಹೇರಿ, ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಲ್ಲಿ ಸೇರಿಸಿ. ಭೌಗೋಳಿಕ ಸೂಚ್ಯಂಕ ಪಡೆದ ನಮ್ಮ ಹಡಗಲಿ ಮಲ್ಲಿಗೆಯ ಬುಡಕ್ಕೂ ಅಷ್ಟೇ, ಗೊಬ್ಬರ ಹಾಕಿ ಮೇಲೆ ಮಣ್ಣೆಳೀರಿ.

ಪಂಚಾಯ್ತಿಯವರು "ತಿಪ್ಪೆ ತೆಗೀರಿ, ಊರು ಚಂದ ಕಾಣ್ಲಿ" ಅಂತಾರೆ. ತೆಗೆದು ಎಲ್ಲಿಗೆ ಹಾಕ್ಬೇಕು, ಹೊಲ ಇಲ್ಲದೋರು ಏನು ಮಾಡ್ಬೇಕು ಅಂತ ಹೇಳಲ್ಲ. ಊರ ಹೊರಗೆ ಒಂದು ತುಂಡು ಜಾಗ, ಅಲ್ಲಿ ಮನೆಗೊಂದು ಗುಂಡಿ, ಪಕ್ಕದಲ್ಲೊಂದು ಹೊಂಗೆ ಗಿಡ ಕೊಡ್ಲಿ. ಸಾರಿಸೋ ಕೆಲಸ ನಾವು ಮಾಡ್ತೀವಿ. ಅದೂ ಗಂಡಸರು ಮಾಡ್ತೀವಿ, ಹೊರೋದಂತೂ ಅವರೇ ಹೊತ್ತಾಗಿದೆ.

ನಿಮ್ಮ ಕಡೆ ತಿಪ್ಪೆಗೆ ಏನು ಹೊದಿಸ್ತಾರೆ? ಮಲೆನಾಡಿನವರು, ಕರಾವಳಿಯವರು ಹೇಳಿ. ಒಪ್ಪದಿದ್ರೆ ಜಗಳಕ್ಕೂ ಬನ್ನಿ. ಮಾತಿನಲ್ಲಿ ಮಾತ್ರ ತಿಪ್ಪೆ ಸಾರಿಸಬೇಡಿ!