ಗಡುಸು ಸ್ಪ್ರಿಂಗು ಯಾರಿಗೆ ಬೇಕು?

2010ಕ್ಕೆ ಮುಂಚೆ ಅಂಕೋಲೆಯ ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದುದನ್ನು ಪಾಲಕರು ಮರೆತಿರಲಾರರು. ಬರುವಾಗ ಆನೆಯಂತೆ ತೂಗುತ್ತ ಬರುತ್ತಿದ್ದ ಲಾರಿ, ಅದಿರು ಇಳಿಸಿ ಹಿಂದಿರುಗುವಾಗ ಸಣ್ಣ ಹೊಂಡಕ್ಕೂ ಗಡಗಡ ಕುಣಿಯುತ್ತಿತ್ತು. ಸ್ಪ್ರಿಂಗು ಅದೇ, ರಸ್ತೆಯೂ ಅದೇ, ಬದಲಾದದ್ದು ಭಾರ. ಹೊತ್ತ ಭಾರಕ್ಕಿಂತ ಸ್ಪ್ರಿಂಗು ಅತಿ ಗಡುಸಾದರೆ ಹೀಗೇ ಆಗುವುದು.

ಈಗ ಕೆಲವು ಕಾಲೇಜು ಹುಡುಗರು ಮನೆಯ ಕಾರಿಗೆ ದುಡ್ಡು ಕೊಟ್ಟು ಈ ಕುಣಿತವನ್ನು ಹಾಕಿಸಲು ಹೊರಟಿದ್ದಾರೆ. ರೇಸ್ ಕಾರಿಗೆ ಗಡುಸು ಸ್ಪ್ರಿಂಗು ಇರುತ್ತದೆ, ನಮ್ಮದಕ್ಕೇಕೆ ಬೇಡ ಎಂಬುದು ಅವರ ವಾದ.

ರೇಸ್ ಕಾರಿಗೆ ಅದು ಬೇಕು, ನಿಜ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಮುಂತಾದ ಟ್ರ್ಯಾಕುಗಳಲ್ಲಿ ಹೊಂಡಗಳ ಕಾಟವಿಲ್ಲ. ಅಲ್ಲಿನ ತೊಂದರೆಯೇ ಬೇರೆ. ವೇಗದಲ್ಲಿ ತಿರುಗಿದಾಗ ಕಾರಿನ ಮೈ ಹೊರಬದಿಗೆ ವಾಲುತ್ತದೆ, ಅದರೊಡನೆ ಟಯರೂ ಓರೆಯಾಗಿ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಗಡುಸು ಸ್ಪ್ರಿಂಗು ಈ ವಾಲುವಿಕೆಯನ್ನು ತಗ್ಗಿಸುತ್ತದೆ.

ಎಷ್ಟು ಗಡುಸು? ಬಲ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಓದಿದ್ದೀರಿ. ಕಾರಿನ ಭಾರಕ್ಕೆ 25 ಸೆಂ.ಮೀ. ಕುಗ್ಗುವ ಸ್ಪ್ರಿಂಗು ಸೆಕೆಂಡಿಗೆ 1 ಸಲ ತೂಗುತ್ತದೆ. ಗಡುಸುತನ 4 ಪಟ್ಟಾದರೆ ಕುಗ್ಗುವುದು 6 ಸೆಂ.ಮೀ.ಗೆ ತುಸು ಹೆಚ್ಚು, ತೂಗುವುದು ಸೆಕೆಂಡಿಗೆ 2 ಸಲ. ಮನೆ ಬಳಕೆಯ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಲೆಕ್ಕದಲ್ಲಿರುತ್ತವೆ, ಟ್ರ್ಯಾಕಿನವು 2 ಅಥವಾ ಅದಕ್ಕಿಂತ ಮೇಲೆ.

ಗಡುಸುತನ ಹೆಚ್ಚಿಸುವುದು ಬಲು ಸುಲಭ, ಅಪಾಯವಿರುವುದೂ ಅಲ್ಲೇ. ತಂತಿಯ ದಪ್ಪ 10 ಮಿ.ಮೀ. ಇದ್ದದ್ದು 12 ಆದರೆ ಸಾಕು, ಗಡುಸುತನ ದುಪ್ಪಟ್ಟು (1.2 × 1.2 × 1.2 × 1.2 ಎಷ್ಟೆಂದು ನೋಡಿ). ಕಾರು ತಗ್ಗಾಗಿ ಕಾಣಲೆಂದು ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸುವ ಮಹಾನುಭಾವರೂ ಇದ್ದಾರೆ. ಸುತ್ತು ಕಡಿಮೆಯಾದಷ್ಟೂ ಉಳಿದದ್ದು ಇನ್ನಷ್ಟು ಗಡುಸಾಗುತ್ತದೆ. ಹಳೆಯ ಬಾಲ್‌ಪೆನ್ನಿನ ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿ, ಬೆರಳಲ್ಲಿ ಒತ್ತಿದರೆ ತಿಳಿಯುತ್ತದೆ.

ಇಂಥ ಕಾರು ಮಳೆಗಾಲದಲ್ಲಿ ಕಾರವಾರದಿಂದ ಅಂಕೋಲೆಗೆ ಹೊರಟಿತೆನ್ನಿ. ಅಮದಳ್ಳಿಯ ಹತ್ತಿರವೋ ಅವರ್ಸಾದ ಹತ್ತಿರವೋ ಒಂದು ಹೊಂಡ. ಚಕ್ರವನ್ನು ಹೊಂಡದೊಳಕ್ಕೆ ಒತ್ತಿ ಹಿಡಿಯಬೇಕಾದದ್ದು ಸ್ಪ್ರಿಂಗು. ಮೆತ್ತನೆಯದಕ್ಕೆ ಬಿಚ್ಚಿಕೊಳ್ಳಲು ಇನ್ನೂ ಜಾಗವಿರುತ್ತದೆ. ಗಡುಸಿನದು ಆ 6 ಸೆಂ.ಮೀ.ಯಲ್ಲೇ ಬಲ ಕಳೆದುಕೊಂಡಿರುತ್ತದೆ. ಚಕ್ರ ಒಂದು ಕ್ಷಣ ಗಾಳಿಯಲ್ಲಿ! ನೆಲ ಮುಟ್ಟದ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಎದುರಿಗೆ ಮೀನಿನ ಲಾರಿ ಬರುತ್ತಿದ್ದರೆ ಆ ಒಂದು ಕ್ಷಣ ಸಣ್ಣದಲ್ಲ. ಸಾಲದ್ದಕ್ಕೆ, ಹಳೆಯ ಸ್ಪ್ರಿಂಗಿಗೆಂದು ಮಾಡಿದ ಶಾಕ್ ಅಬ್ಸಾರ್ಬರ್ ಈ ಹೊಸ ಕುಣಿತವನ್ನು ಹಿಡಿದು ನಿಲ್ಲಿಸಲಾರದು. ಟ್ರ್ಯಾಕಿಗೆ ಹೋಗುವವರು ಎರಡನ್ನೂ ಜೋಡಿಯಾಗಿಯೇ ಬದಲಿಸುವುದು ಅದಕ್ಕೆ.

ಕಾರು ತೂಗಾಡುತ್ತದೆ ಎಂಬುದೇ ಮಗನ ದೂರಾದರೆ ಪಾಲಕರು ಮೊದಲು ಒಂದು ಕೆಲಸ ಮಾಡಬಹುದು. ನಿಂತ ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಮೇಲೆದ್ದು ನಿಂತರೆ ಸರಿ. ಎರಡು ಮೂರು ಸಲ ಏಳುಬೀಳಾದರೆ ಹಾಳಾಗಿರುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗಿಗೆ ಕೈ ಹಚ್ಚದೆ ಅದನ್ನೇ ಬದಲಿಸಿ.